ಮೂವತ್ತೊಂದನೆಯ ಹೆಸರು

ಸದಾಶಿವ ಹಡಪದ ಕೌಲಾಲಂಪುರದಲ್ಲಿ ಹದಿನಾರು ವರ್ಷ ಕನ್ನಡಿಗರ ತಲೆ ಮುಟ್ಟಿದ. ಅಷ್ಟು ವರ್ಷದಲ್ಲಿ ಒಬ್ಬ ಕನ್ನಡಿಗನೂ ಅವನ ಕೈ ಕುಲುಕಲಿಲ್ಲ. ಕೊರೋನಾ ಬಂದ ಮೇಲೆ ಯಾರೂ ಯಾರ ಕೈಯನ್ನೂ ಕುಲುಕಲಿಲ್ಲ, ಅದು ಬೇರೆ. ನಾನು ಅದಕ್ಕೆ ಮುಂಚಿನ ಮಾತು ಹೇಳುತ್ತಿದ್ದೇನೆ.

ನಾನು ಗಿರಿಜಮ್ಮ. ಕನಕಪುರದ ಕಡೆಯವಳು. ಉಳ್ಳವರ ಬಡಾವಣೆ ಮಾಂಟ್ ಕಿಯಾರಾದ ಒಂದು ಕಟ್ಟಡದ ಇಪ್ಪತ್ತೆರಡನೆಯ ಮಹಡಿಯಲ್ಲಿ, ಸೂರ್ಯನಾರಾಯಣ ಅವರ ಮನೆಯಲ್ಲಿ ಐದು ವರ್ಷ ನೆಲ ಒರೆಸಿದೆ, ಪಾತ್ರೆ ತಿಕ್ಕಿದೆ, ಬಚ್ಚಲು ತೊಳೆದೆ. ಒಲೆ ಮುಟ್ಟುವಂತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಸೂರ್ಯನಾರಾಯಣ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಜೊತೆಗೆ ತುಂಗಭದ್ರಾ ಕನ್ನಡ ಬಳಗದ ಅಧ್ಯಕ್ಷರು. ಒಂಬತ್ತು ವರ್ಷದಿಂದ ಅವರೇ. ಎದುರು ನಿಂತವರು ಯಾರೂ ಇರಲಿಲ್ಲ.

ಸದಾಶಿವ ಮುಧೋಳದ ಹತ್ತಿರದ ಹಳ್ಳಿಯವನು. ಅವನ ಅಪ್ಪ ಕುಕ್ಕರುಗಾಲಲ್ಲಿ ಕೂತು ಊರವರ ಗಡ್ಡ ಕೆರೆಯುತ್ತಿದ್ದ. ದೊಡ್ಡವರ ಮನೆಗೆ ಹಿತ್ತಲಿನಿಂದ ಹೋಗಿ ಹಿತ್ತಲಿನಿಂದಲೇ ಬರಬೇಕು. ಒಂದು ಸಲ ಗೌಡನ ಕಿವಿಯ ಹತ್ತಿರ ಕತ್ತಿ ತಾಗಿ ಒಂದು ಹನಿ ರಕ್ತ ಬಂತು. ಗೌಡ ಹೊಡೆದ ಏಟಿಗೆ ಅಪ್ಪನ ಹಲ್ಲು ಬಿತ್ತು. ಅಪ್ಪ ಹಲ್ಲನ್ನು ಉಗುಳಿದ. ಉಳಿದ ಅರ್ಧ ಗಡ್ಡವನ್ನು ಕೆರೆದು ಮುಗಿಸಿಯೇ ಎದ್ದ.

"ಮುಗಿಸಿ ಎದ್ದನಲ್ಲ ಅಕ್ಕಾರ, ಅದಕ್ಕ ನನಗ ಸಿಟ್ಟು" ಎಂದು ಸದಾಶಿವ ಒಮ್ಮೆ ನನ್ನ ಹತ್ತಿರ ಹೇಳಿದ್ದ. "ಹೊಡ್ದದ್ದಕ್ಕಿಂತ ಹೆಚ್ಚು."

ಅವನು ಬ್ರಿಕ್‌ಫೀಲ್ಡ್ಸ್‌ಗೆ ಬಂದದ್ದು 2004ರಲ್ಲಿ. ತಮಿಳರ ಬಡಾವಣೆ ಅದು. ಮೊದಲಾಳಿ, ಎಂದರೆ ಸಲೂನಿನ ಮಾಲೀಕ, ತಮಿಳಿನವನು. ದಿನಕ್ಕೆ ಹನ್ನೆರಡು ಗಂಟೆ ನಿಂತೇ ಕೆಲಸ. ಮೀನಖಂಡದ ನರಗಳು ಉಬ್ಬಿ ಹಗ್ಗದಂತಾಗಿದ್ದವು. ಬಲಗೈ ಹೆಬ್ಬೆರಳು ಕತ್ತರಿಯ ಉಂಗುರ ಕೂತಲ್ಲಿ ವಕ್ರವಾಗಿತ್ತು. ಸಲೂನಿನ ಮೇಲಿನ ಕೋಣೆಯಲ್ಲಿ ಒಂಬತ್ತು ಜನ ಮಲಗುತ್ತಿದ್ದರು. ಒಬ್ಬನ ಕಾಲು ಇನ್ನೊಬ್ಬನ ತಲೆಗೆ ತಾಗುವಷ್ಟು ಜಾಗ.

ಅವನಿಗೆ ಒಂದು ಗುಣವಿತ್ತು. ಒಂದು ಸಲ ತಲೆ ಮುಟ್ಟಿದವನ ಹೆಸರು, ಊರು, ಮನೆಯ ಕಷ್ಟ ಅವನಿಗೆ ಮರೆಯುತ್ತಿರಲಿಲ್ಲ. ತಮಿಳು, ಮಲಯ, ಹಿಂದಿ, ಎಲ್ಲದರಲ್ಲೂ ಮಾತಾಡುತ್ತಿದ್ದ. 2017ರಲ್ಲಿ ಆ ಬೀದಿಯ ಕ್ಷೌರಿಕರನ್ನೆಲ್ಲ ಕೂಡಿಸಿದ. ವಾರಕ್ಕೆ ಒಂದು ದಿನವೂ ರಜೆ ಇರಲಿಲ್ಲ ಅವರಿಗೆ. ದೀಪಾವಳಿಯ ಹಿಂದಿನ ದಿನ, ಸಲೂನುಗಳು ತುಂಬಿ ತುಳುಕುವ ದಿನ, ಇಪ್ಪತ್ತಾರು ಜನ ಕತ್ತರಿ ಕೆಳಗಿಟ್ಟು ಫುಟ್‌ಪಾತಿನ ಮೇಲೆ ಕೂತರು. ಮಧ್ಯಾಹ್ನದ ಹೊತ್ತಿಗೆ ಮೊದಲಾಳಿಗಳು ಮಂಗಳವಾರ ರಜೆ ಎಂದು ಒಪ್ಪಿದರು. ಅಂದಿನಿಂದ ಬೀದಿಯಲ್ಲಿ ಅವನನ್ನು 'ತಲೈವರ್', ನಾಯಕ, ಎಂದು ಕರೆಯತೊಡಗಿದರು. ಮೊದಲು ತಮಾಷೆಗೆ, ಆಮೇಲೆ ನಿಜವಾಗಿ.

ಕನ್ನಡ ಬಳಗದವರಿಗೆ ಮಾತ್ರ ಅವನು ರಾಜ್ಯೋತ್ಸವದ ನಾಟಕಕ್ಕೆ ಮೀಸೆ ಅಂಟಿಸುವವನು. ಸಭಾಂಗಣದ ಹಿಂದೆ ಡ್ರೈವರ್‌ಗಳ ಸಾಲಿನಲ್ಲಿ ಅವನಿಗೆ ಊಟ. ನಾನೂ ಅಲ್ಲೇ ಉಣ್ಣುತ್ತಿದ್ದೆ. ನಮ್ಮ ಪರಿಚಯ ಆದದ್ದು ಹಾಗೆ.

2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ಸಲೂನುಗಳು ಮೊದಲು ಮುಚ್ಚಿದವು. ಮೇ ತಿಂಗಳಲ್ಲಿ ಸೂರ್ಯನಾರಾಯಣ ಕನ್ನಡಿ ನೋಡಿಕೊಂಡು ಫೋನ್ ಮಾಡಿದರು. "ನೋಡಯ್ಯ ಸದಾಶಿವ, ಬೋರ್ಡ್ ಮೀಟಿಂಗ್ ಇದೆ. ಈ ತಲೆ ಇಟ್ಕೊಂಡು ಕ್ಯಾಮೆರಾ ಆನ್ ಮಾಡಕ್ಕಾಗಲ್ಲ. ಕಾರ್ ಕಳಿಸ್ತೀನಿ, ಬಾ."

ಪೊಲೀಸರ ತಡೆ ದಾಟುವಾಗ ಅವನು ಹಿಂದಿನ ಸೀಟಿನ ಕೆಳಗೆ, ಅಕ್ಕಿ ಚೀಲಗಳ ನಡುವೆ ಮುದುಡಿ ಮಲಗಿ ಬಂದ. ಸಿಕ್ಕಿಬಿದ್ದಿದ್ದರೆ ಜೈಲು ಅವನಿಗೆ.

"ಗಿರಿಜಾ, ಅವನು ಹಾಲ್‌ಗೆ ಬರೋದು ಬೇಡ" ಎಂದರು ಉಷಾ ಮೇಡಂ, ಸೂರ್ಯನಾರಾಯಣರ ಹೆಂಡತಿ. "ಕಿಚನ್ ಕಡೆಯಿಂದ ಬಾಲ್ಕನಿಗೆ ಕರ್ಕೊಂಡ್ ಹೋಗು. ಕೈಕಾಲಿಗೆ ಡೆಟಾಲ್ ನೀರು ಹುಯ್ಯಿ. ನೀನೇ ಹುಯ್ಯಿ, ಅವನು ನಲ್ಲಿ ಮುಟ್ಟಬಾರದು."

ನಾನು ಹುಯ್ದೆ. ಪಾದದ ಬಿರುಕಿಗೆ ನೀರು ಉರಿದು ಅವನು ಹಲ್ಲು ಕಚ್ಚಿದ. ಉರಿಬಿಸಿಲಿನಲ್ಲಿ ನಿಂತು ಒಂದು ಗಂಟೆ ಕತ್ತರಿಸಿದ. ಮುಗಿಯುವ ಹೊತ್ತಿಗೆ ಕೇಳಿದ.

"ಸರ, ನಮ್ಮ ಕೋಣ್ಯಾಗ ಸುಬ್ರಾಯಣ್ಣ ಅಂತ ಅದಾರ. ಕುಮಟಾದವರು. ಐವತ್ತೆಂಟು ವಯಸ್ಸು. ಸಕ್ಕರಿ ಕಾಯಿಲಿ, ಕಾಲು ಕೊಳಿಯಾಕ ಹತ್ತೈತಿ. ಮೊದಲಾಳಿ ಕೆಲಸದ ಪರ್ಮಿಟ್ ಮುಂದುವರ್ಸಿಲ್ಲ, ಹಿಂಗಾಗಿ ಇಲ್ಲಿ ಆಸ್ಪತ್ರಿಗೆ ಹೋಗಾಕ ಹೆದರ್ತಾರ. ನಿಮ್ಮ ವಿಮಾನದಾಗ ಅವರಿಗೊಂದು ಸೀಟು ಕೊಡ್ರಿ."

ಬಳಗದವರು ಸೇರಿ ಬೆಂಗಳೂರಿಗೆ ಒಂದು ವಿಮಾನ ಗೊತ್ತು ಮಾಡಿದ್ದರು. ಯಾರು ಹೋಗಬೇಕೆಂದು ಬರೆಯುವ ಪಟ್ಟಿ ಸೂರ್ಯನಾರಾಯಣರ ಕೈಯಲ್ಲಿತ್ತು.

"ಹಾಕ್ತೀನಿ ಬಿಡಯ್ಯ" ಎಂದರು. ಹಾಕಿದರು ಕೂಡ. ಮೂವತ್ತೊಂದನೆಯ ಹೆಸರು, ಸುಬ್ರಾಯ.

ಅದಾದ ಎಂಟು ದಿನಕ್ಕೆ ನಾನು ಊಟದ ಮೇಜು ಒರೆಸುತ್ತಿದ್ದೆ. ಪಟ್ಟಿ ಅಲ್ಲೇ ಇತ್ತು. ಗಂಡ ಹೆಂಡತಿ ಮಾತಾಡುತ್ತಿದ್ದರು. ನಾನು ಇದ್ದದ್ದು ಅವರಿಗೆ ಲೆಕ್ಕಕ್ಕಿರಲಿಲ್ಲ.

"ಅನನ್ಯಾನ ಕಳಿಸ್ಬಿಡೋಣ ಕಣ್ರೀ. ಈ ಫ್ಲಾಟಲ್ಲಿ ಎಷ್ಟು ದಿನ ಅಂತ ಕೂತಿರ್ತಾಳೆ? ಮೈಸೂರಲ್ಲಿ ಕಸಿನ್ಸ್ ಇದಾರೆ, ತೋಟ ಇದೆ."

ಸೋಫಾದಲ್ಲಿದ್ದ ಮಗಳು ಅನನ್ಯ ತಲೆ ಎತ್ತದೆ ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿದಳು. "ಐ ಡೋಂಟ್ ವಾಂಟ್ ಟು ಗೋ ಲಾ, ಅಮ್ಮಾ."

"ಲಿಸ್ಟ್ ಫುಲ್ ಆಗಿದೆ ಉಷಾ."

ಮೇಡಂ ಬೆರಳು ಪಟ್ಟಿಯ ಮೇಲೆ ಇಳಿಯುತ್ತಾ ಬಂತು. "ಇದ್ಯಾರು, ಸುಬ್ರಾಯ?"

"ಬಾರ್ಬರ್ ಒಬ್ಬ. ಸದಾಶಿವ ಹೇಳಿದ್ದ."

"ಕಾಲಲ್ಲಿ ಕೀವು ಅಂದ್ರಲ್ಲ, ಅವನಾ? ವಾಸನೆ ಬರಲ್ವಾ? ನಾಲ್ಕು ಗಂಟೆ ಅವನ ಪಕ್ಕ ಯಾರು ಕೂರ್ತಾರೆ?"

ಸೂರ್ಯನಾರಾಯಣ ನಕ್ಕರು. "ಅದೂ ಸರೀನೇ" ಎಂದರು. ಕೆಂಪು ಪೆನ್ನು ತೆಗೆದು ಒಂದು ಗೆರೆ ಎಳೆದರು. ಮೇಲೆ ಅನನ್ಯ ಎಂದು ಬರೆದರು. ಪಟ್ಟಿಯ ಕೊನೆಗೆ ಸಹಿ ಹಾಕಿದರು.

ವಿಮಾನಕ್ಕೆ ಇನ್ನೂ ನಾಲ್ಕು ದಿನ ಇತ್ತು. ಸದಾಶಿವನ ನಂಬರು ನನ್ನ ಫೋನಿನಲ್ಲಿತ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಎರಡು ಸಲ ನಂಬರು ತೆಗೆದೆ. ಒತ್ತಲಿಲ್ಲ. ಈ ಮನೆಯ ಮಾತು ಹೊರಗೆ ಹೋದರೆ ಅದೇ ದಿನ ನನ್ನನ್ನು ಊರಿಗೆ ಅಟ್ಟುವುದಾಗಿ ಮೇಡಂ ಮೊದಲ ದಿನವೇ ಹೇಳಿದ್ದರು. ಊರಿನಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಳು. ಇದು ಕಾರಣ. ಕಾರಣ ಇತ್ತು ಎಂದು ತಪ್ಪು ಸಣ್ಣದಾಗುವುದಿಲ್ಲ. ನಾನು ಸುಮ್ಮನಿದ್ದೆ.

ವಿಮಾನ ಹೊರಟ ದಿನ ನಡೆದದ್ದನ್ನು ಸದಾಶಿವ ಆಮೇಲೆ ಹೇಳಿದ. ಸುಬ್ರಾಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಿದ್ದ. ನಡೆಯಲು ಆಗುತ್ತಿರಲಿಲ್ಲ. ಏರ್‌ಪೋರ್ಟಿನ ಬಾಗಿಲಿನಿಂದ ಸಾಲಿನವರೆಗೆ ಸದಾಶಿವ ಅವನನ್ನು ಬೆನ್ನ ಮೇಲೆ ಹೊತ್ತ. ಸಾಲಿನಲ್ಲಿದ್ದವರು ಮೂಗು ಮುಚ್ಚಿಕೊಂಡು ದೂರ ಸರಿದರು. ಬಳಗದ ಕಾರ್ಯದರ್ಶಿ ಗಂಗಾಧರ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ. ಮೂವತ್ತು ಆಯಿತು. ಮೂವತ್ತೊಂದಕ್ಕೆ ಅನನ್ಯ ಎಂದು ಕೂಗಿದ. ಎಲ್ಲ ಮುಗಿದರೂ ಸುಬ್ರಾಯ ಎಂಬ ಹೆಸರು ಬರಲಿಲ್ಲ.

"ಇನ್ನೊಂದ್ಸಲ ನೋಡ್ರಿ" ಎಂದ ಸದಾಶಿವ.

"ಇಲ್ಲಪ್ಪ, ಇಲ್ಲ. ನನ್ನನ್ನ ಕೇಳಬೇಡ."

ಸುಬ್ರಾಯ ನೆಲದ ಮೇಲೆ ಕೂತುಬಿಟ್ಟಿದ್ದ. "ಇರ್ಲಿ ಮಾರಾಯಾ. ದೊಡ್ಡ ಜನ, ಮರ್ತಿರಬೇಕು. ನಡಿ ಹೋಗುವಾ" ಎಂದ.

ಮರೆತಿರಬೇಕು ಎಂದುಕೊಂಡೇ ಅವನು ಸತ್ತ. ಹನ್ನೊಂದು ದಿನಕ್ಕೆ. ಕಾಲಿನ ಕೀವಿನ ವಿಷ ಮೈಗೆಲ್ಲ ಏರಿತ್ತು. ಕೊನೆಯ ದಿನ ಹೆದರಿಕೆ ಬಿಟ್ಟು ಆಂಬುಲೆನ್ಸ್ ಕರೆದರು. ಅದು ಬರುವಷ್ಟರಲ್ಲಿ ಮುಗಿದಿತ್ತು. ಸುಡುವುದಕ್ಕೆ ಒಯ್ಯುವ ಮುಂಚೆ ಸದಾಶಿವ ಅವನ ಗಡ್ಡ ಬೋಳಿಸಿದ, ತಲೆ ಬಾಚಿದ. ನಲವತ್ತು ವರ್ಷ ಊರವರ ಮುಖ ಬೋಳಿಸಿದವನು ಗಡ್ಡ ಬಿಟ್ಟುಕೊಂಡು ಹೋಗಬಾರದು ಎಂದ. ಕೋಣೆಯ ಏಳು ಜನರಿಗೆ ಹೊರಗೆ ಬರಲು ಪರವಾನಗಿ ಸಿಗಲಿಲ್ಲ. ಕಿಟಕಿಯಿಂದ ನೋಡಿದರು.

ಹೆಸರು ಯಾಕೆ ಬರಲಿಲ್ಲ ಎಂದು ಸದಾಶಿವ ಸೂರ್ಯನಾರಾಯಣರನ್ನು ಫೋನಿನಲ್ಲಿ ಕೇಳಿದ. ವಿಮಾನದವರು ಕಾಯಿಲೆಯವರನ್ನು ಬೇಡ ಎಂದರು, ನಾನೇನು ಮಾಡಲಿ ಎಂದರು ಅವರು. ಪಕ್ಕದಲ್ಲಿ ನಾನು ಕಿಟಕಿ ಒರೆಸುತ್ತಿದ್ದೆ. ಸದಾಶಿವ ನಂಬಿದ.

ಮತ್ತೆ ಸಲೂನುಗಳು ತೆರೆದವು, ಮತ್ತೆ ಮುಚ್ಚಿದವು. 2021ರ ಜೂನಿನಲ್ಲಿ ಮುಚ್ಚಿದ್ದು ಎಲ್ಲಕ್ಕಿಂತ ಕಷ್ಟದ್ದು. ಬ್ರಿಕ್‌ಫೀಲ್ಡ್ಸ್‌ನ ಕ್ಷೌರಿಕರು ಗುಡಿಯವರು ಕೊಟ್ಟ ಅನ್ನ ತಿಂದು ಬದುಕಿದರು. ಸೂರ್ಯನಾರಾಯಣ ಮತ್ತೆ ಕರೆದರು. ಒಂದು ಗಂಟೆಯಲ್ಲಿ ಮೀಟಿಂಗು, ಬೇಗ ಬಾ ಎಂದರು. ಸದಾಶಿವ ಬಂದ.

ನಾನು ಬಾಲ್ಕನಿಯಲ್ಲಿ ಅವನ ಕೈಗೆ ಡೆಟಾಲ್ ನೀರು ಹುಯ್ಯುತ್ತಿದ್ದೆ. ಅವನ ಬೆರಳುಗಳು ತೆಳ್ಳಗಾಗಿದ್ದವು. ಒಂದು ವರ್ಷ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ.

"ಸದಾಶಿವಣ್ಣ, ಇಮಾನದೋರಲ್ಲ. ಇವ್ರೇ ಹೊಡ್ದಾಕಿದ್ದು. ಮಗಳಿಗೋಸ್ಕರ. ಕೆಂಪು ಪೆನ್ನಾಗೆ ಗೀಟೆಳ್ದಿದ್ದ ನಾನ್ ಕಣ್ಣಾರ ನೋಡಿವ್ನಿ."

ನೋಡಿದ್ದು ಯಾವಾಗ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸೂರ್ಯನಾರಾಯಣ ಬಂದು ಕೂತರು. ಸದಾಶಿವ ಬಟ್ಟೆ ಹೊದಿಸಿದ. ಮೆಷಿನ್ ಹಾಕಿದ. ಎಡಗಡೆ ಪೂರ್ತಿ ತೆಗೆದ, ಕಿವಿಯ ಸುತ್ತ ಅಂಚು ಬಿಡಿಸಿದ. ಆಮೇಲೆ ಮೆಷಿನ್ ನಿಲ್ಲಿಸಿದ.

"ಸರ, ಸುಬ್ರಾಯಣ್ಣನ ಹೆಸರಿನ ಮ್ಯಾಲ ಗೆರಿ ಎಳ್ದವ್ರು ಯಾರು?"

ಸೂರ್ಯನಾರಾಯಣ ಕಣ್ಣು ತೆರೆದು ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

"ಈಗ ಯಾಕಯ್ಯ ಅದೆಲ್ಲ? ಹೇಗಿದ್ರೂ ಅವನು ಉಳೀತಿರಲಿಲ್ಲ. ಬೇಗ ಮುಗಿಸು, ಹತ್ತು ನಿಮಿಷ ಇದೆ."

ಸದಾಶಿವ ಬಟ್ಟೆ ತೆಗೆದ. ಕೊಡವಿದ. ಮಡಚಿದ. ಮೆಷಿನ್, ಕತ್ತರಿ, ಬಾಚಣಿಗೆ ಚೀಲಕ್ಕೆ ಹಾಕಿದ.

"ಏನ್ ಮಾಡ್ತಿದೀಯ? ಈ ಕಡೆ ಹಾಗೇ ಇದೆ."

"ಮುಗಿಸಂಗಿಲ್ಲ."

"ಏಯ್, ನಾನು ಹೀಗೆ ಕ್ಯಾಮೆರಾ ಮುಂದೆ ಕೂರ್ಲಾ? ತಮಾಷೆನಾ? ಹಜಾಮ ನನ್ಮಗನೇ!"

"ಹೌದು, ಹಜಾಮ. ನನ್ನ ಕೆಲಸ ನಾ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸೀನಿ. ಉಳಿದದ್ದು ನೀವ ಮಾಡ್ಕೋರಿ."

ಉಷಾ ಮೇಡಂ ಓಡಿ ಬಂದರು. ಗಂಡನ ತಲೆ ನೋಡಿ ಚೀರಿದರು. ಸದಾಶಿವ ಅಡುಗೆಮನೆಯ ಕಡೆ ಹೋಗಲಿಲ್ಲ. ಹಾಲಿನ ನಡುವೆ, ಬಿಳಿ ಕಾರ್ಪೆಟ್ಟಿನ ಮೇಲೆ ನಡೆದು, ಮುಂಬಾಗಿಲು ತೆರೆದು ಹೊರಗೆ ಹೋದ.

ನನ್ನನ್ನು ಅದೇ ಮಧ್ಯಾಹ್ನ ಹೊರಹಾಕಿದರು. ಪಾಸ್‌ಪೋರ್ಟ್ ಕೊಡಲಿಲ್ಲ. ಐದು ವರ್ಷ ಅದು ಅವರ ಬೀರುವಿನಲ್ಲೇ ಇತ್ತು. ಈ ಸಲ ಸದಾಶಿವನ ನಂಬರು ಒತ್ತಿದೆ. ಮಾರನೆಯ ದಿನ ಬೆಳಿಗ್ಗೆ ಸದಾಶಿವ ನಾಲ್ಕು ಜನ ಕ್ಷೌರಿಕರನ್ನು ಕರೆದುಕೊಂಡು ಕಟ್ಟಡದ ಗೇಟಿನ ಮುಂದೆ ನಿಂತ. ಪೊಲೀಸರನ್ನು ಕರೆಯುತ್ತೇನೆ ಎಂದ ಗಾರ್ಡು. ಕರೆಯಿರಿ, ಇನ್ನೊಬ್ಬರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಈ ದೇಶದಲ್ಲಿ ಅಪರಾಧ, ಅವರಿಗೇ ಹೇಳುತ್ತೇನೆ ಎಂದು ಸದಾಶಿವ ಮಲಯದಲ್ಲಿ ಜೋರಾಗಿ ಹೇಳಿದ. ಮೇಲಿನ ಬಾಲ್ಕನಿಗಳಲ್ಲಿ ಜನ ಬಗ್ಗಿ ನೋಡತೊಡಗಿದರು. ಒಂದು ಗಂಟೆಯೊಳಗೆ ಪಾಸ್‌ಪೋರ್ಟ್ ಲಿಫ್ಟಿನಲ್ಲಿ ಇಳಿದು ಬಂತು. ಬ್ರಿಕ್‌ಫೀಲ್ಡ್ಸ್‌ನ ಒಂದು ತಮಿಳು ಮೆಸ್ಸಿನವರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡು ಪರ್ಮಿಟ್ ಮಾಡಿಸಿದರು. ಅಲ್ಲಿ ಮೊದಲ ಸಲ ಬೇರೆಯವರಿಗಾಗಿ ಒಲೆ ಹಚ್ಚಿದೆ.

ಸಲೂನಿನಲ್ಲಿ ಗಿರಾಕಿಗಳು ಓದಲೆಂದು ಬಳಗದ ಹಳೆಯ ಸ್ಮರಣ ಸಂಚಿಕೆ ಒಂದಿತ್ತು. ಅದರ ಕೊನೆಯ ಪುಟದಲ್ಲಿ ನಿಯಮಾವಳಿ. ಸದಾಶಿವ ಅದನ್ನು ಅಕ್ಷರ ಬಿಡದೆ ಓದಿದ. ಮಲೇಷ್ಯಾದಲ್ಲಿ ವಾಸವಿರುವ ಹದಿನೆಂಟು ತುಂಬಿದ ಯಾವುದೇ ಕನ್ನಡಿಗರು ಸದಸ್ಯರಾಗಬಹುದು, ಚುನಾವಣೆಗೆ ನಿಲ್ಲಬಹುದು ಎಂದಿತ್ತು. ಡಿಗ್ರಿ ಬೇಕು ಎಂದಿರಲಿಲ್ಲ. ದೊಡ್ಡ ಹುದ್ದೆ ಬೇಕು ಎಂದಿರಲಿಲ್ಲ.

"ಅಕ್ಕಾರ, ನಾ ಅಧ್ಯಕ್ಷಗಿರಿಗೆ ನಿಲ್ತೀನಿ" ಎಂದ.

"ನಿಂಗೆ ಯಾರಪ್ಪ ಓಟಾಕ್ತಾರೆ?"

"ಅವರು ಯಾರನ್ನ ಕರ್ದಿಲ್ಲೋ, ಅವರು."

ಸಲೂನು ತೆರೆದ ಮೇಲೆ ಅವನ ರಾಜಕೀಯ ಶುರುವಾಯಿತು. ಕತ್ತರಿ ಆಡಿಸುತ್ತಲೇ ಮಾತು. ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಗುಡಿಯ ಮುಂದೆ ಹೂ ಕಟ್ಟುವವರು, ಮನೆಕೆಲಸದ ಹೆಂಗಸರು, ಪೆನಾಂಗ್ ಬಯಾನ್ ಲೆಪಾಸ್‌ನ ಕಾರ್ಖಾನೆಗಳಲ್ಲಿ ಗುತ್ತಿಗೆಗೆ ದುಡಿಯುವ ಹುಡುಗರು. ಹೀಗೂ ಕನ್ನಡಿಗರಿದ್ದಾರೆ ಎಂದು ಬಳಗಕ್ಕೆ ಗೊತ್ತೇ ಇರಲಿಲ್ಲ. ಮಂಗಳವಾರದ ರಜೆಯಲ್ಲಿ ಬಸ್ಸು ಹತ್ತಿ ಹೋಗಿ ಫಾರಂ ತುಂಬಿಸಿದ. ಬರೆಯಲು ಬಾರದವರದ್ದು ನಾನು ಬರೆದೆ. ಉದ್ಯೋಗ ಎಂಬಲ್ಲಿ ಅವನು ತನ್ನ ಕೈಯಾರೆ 'ಕ್ಷೌರ' ಎಂದು ಬರೆದ.

ಬಳಗದ ವಾಟ್ಸಾಪಿನಲ್ಲಿ ಮಾತು ಎದ್ದಿತು. ಬಳಗದ ಘನತೆ ಏನಾಗಬೇಕು? ದೊಡ್ಡವರು ಬಂದರೆ ಇಂಗ್ಲಿಷಿನಲ್ಲಿ ಸ್ವಾಗತ ಮಾಡುವವರು ಯಾರು? ಅಧ್ಯಕ್ಷರ ಕುರ್ಚಿಯ ಮುಂದೆ ಕನ್ನಡಿ ಇಡಿಸುತ್ತಾನಾ? ಕೊನೆಯದಕ್ಕೆ ನಲವತ್ತು ಜನ ನಗುವ ಮುಖ ಹಾಕಿದರು. ಆ ನಲವತ್ತರಲ್ಲಿ ಮೂವತ್ತು ತಲೆಗಳನ್ನು ಸದಾಶಿವ ಬಲ್ಲ.

ಕಾರ್ಯದರ್ಶಿ ಗಂಗಾಧರ ಸಲೂನಿಗೇ ಬಂದ. "ನೋಡು ಸದಾಶಿವ, ಊಟದ ವಿಭಾಗಕ್ಕೆ ನಿನ್ನನ್ನ ಉಪಾಧ್ಯಕ್ಷ ಮಾಡ್ತೀವಿ. ಫೋಟೋ ಹಾಕ್ತೀವಿ. ನಾಮಪತ್ರ ಹಿಂದಕ್ಕೆ ತಗೋ."

ಸದಾಶಿವ ಒಬ್ಬನ ಕೊರಳಿನ ಮೇಲೆ ಕತ್ತಿ ಎಳೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ. "ಅಡ್ಡ ನಿಂತೀರಿ. ಬೆಳಕು ಬಿಡ್ರಿ" ಎಂದ.

ಅಕ್ಟೋಬರಿನ ಕೊನೆಯಲ್ಲಿ ಚುನಾವಣೆಯ ಸಭೆ ಝೂಮಿನಲ್ಲಿ ನಡೆಯಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾವು ನೂರಾ ಹತ್ತು ಜನ ಫೋನು ಹಿಡಿದು ಕೂತೆವು. ಮೆಸ್ಸಿನ ಹಿಂದೆ ಒಂದೊಂದು ಫೋನಿಗೆ ನಾಲ್ಕು ನಾಲ್ಕು ಜನ. ಸ್ವಲ್ಪ ಹೊತ್ತು ಕಾಯಿರಿ, ನಿಮ್ಮನ್ನು ಒಳಗೆ ಬಿಡುತ್ತಾರೆ ಎಂಬ ಅರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲಿತ್ತು. ಹತ್ತೂವರೆ ಆಯಿತು. ಹನ್ನೊಂದು ಆಯಿತು. ಹನ್ನೆರಡಕ್ಕೆ ಪರದೆ ಕಪ್ಪಾಯಿತು. ಸೂರ್ಯನಾರಾಯಣ ಅವಿರೋಧವಾಗಿ ಆಯ್ಕೆಯಾದರೆಂದು ವಾಟ್ಸಾಪಿನಲ್ಲಿ ಹೂಗುಚ್ಛದ ಚಿತ್ರ ಬಂತು. ಕೇಳಿದರೆ ತಾಂತ್ರಿಕ ತೊಂದರೆ ಎಂದರು.

ದೋಸೆ ಹುಯ್ಯುವವನೊಬ್ಬ ಅತ್ತುಬಿಟ್ಟ. "ಊರಾಗ ಜಗಲಿ ಮ್ಯಾಲ ಹತ್ತಿಸ್ಲಿಲ್ಲ. ಇಲ್ಲಿ ಫೋನಿನಾಗೂ ಹೊರಗ ಕೂಡ್ಸಿದ್ರಲ್ಲೋ."

"ಅಳಬ್ಯಾಡ" ಎಂದ ಸದಾಶಿವ. "ಖರೇ ಬಾಗಿಲಾ ಇರೋ ಜಾಗದಾಗ ಸಭಿ ಕರಸೂಣು."

ಅದೇ ನಿಯಮಾವಳಿಯಲ್ಲಿ ಇನ್ನೊಂದು ಸಾಲಿತ್ತು. ಸದಸ್ಯರಲ್ಲಿ ಮೂರರಲ್ಲೊಂದು ಭಾಗ ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು. ಅಧ್ಯಕ್ಷರ ಆಯ್ಕೆ ಮತ್ತೆ ಆಗಬೇಕೆಂಬ ನೂರಾ ಹತ್ತು ಸಹಿಯ ಕಾಗದವನ್ನು ಸದಾಶಿವ ಮಾಂಟ್ ಕಿಯಾರಾಕ್ಕೆ ಒಯ್ದು ಕೊಟ್ಟ. ತಲುಪಿತು ಎಂದು ಬರೆಸಿಕೊಂಡೇ ಬಂದ.

ಡಿಸೆಂಬರಿನಲ್ಲಿ ಬ್ರಿಕ್‌ಫೀಲ್ಡ್ಸ್‌ನ ಒಂದು ಹಾಲಿನಲ್ಲಿ ಸಭೆ ಸೇರಿತು. ಬಾಗಿಲಲ್ಲಿ ಗಂಗಾಧರ ಲಸಿಕೆಯ ಗುರುತು ಕೇಳಿದ. ಎಲ್ಲರ ಫೋನಿನಲ್ಲೂ ಇತ್ತು. ಗುರುತಿನ ಚೀಟಿಯ ಮೂರು ಪ್ರತಿ ಕೇಳಿದ. ಎಲ್ಲರೂ ತಂದಿದ್ದರು. ಇನ್ನೇನು ಕೇಳಬೇಕೆಂದು ಅವನಿಗೆ ತೋಚಲಿಲ್ಲ. ನಾವು ಒಳಗೆ ಹೋಗಿ ಮುಂದಿನ ಸಾಲಿನಿಂದ ಕೂತೆವು. ನಮ್ಮ ಪಕ್ಕ ಖಾಲಿ ಕುರ್ಚಿಗಳಿದ್ದರೂ ಮಾಂಟ್ ಕಿಯಾರಾದವರು ಗೋಡೆಗೆ ಒರಗಿ ನಿಂತರು. ದೂರ ಇರಬೇಕಲ್ಲ, ಕೊರೋನಾ ಎಂದರು.

ಮತ ಎಣಿಸಿದರು. ಸದಾಶಿವನಿಗೆ ನೂರಾ ಹದಿನಾಲ್ಕು. ಸೂರ್ಯನಾರಾಯಣರಿಗೆ ತೊಂಬತ್ತೇಳು. ಅಂದರೆ ನಿಂತವರಲ್ಲೂ ನಾಲ್ವರು ನಮಗೆ ಹಾಕಿದ್ದರು. ಯಾರೆಂದು ಗೊತ್ತಾಗಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿರಲಿಲ್ಲ.

ಚಪ್ಪಾಳೆ ನಮ್ಮ ಕಡೆಯಿಂದ ಮಾತ್ರ ಬಂತು. ಹಳೆಯ ಕಮಿಟಿಯವರು ರಾಜೀನಾಮೆ ಎಂದು ಎದ್ದರು. ಬೇರೆ ಬಳಗ ಕಟ್ಟುತ್ತೇವೆ, ಅಲ್ಲಿ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ ಎಂದು ಉಷಾ ಮೇಡಂ ಎಲ್ಲರಿಗೂ ಕೇಳುವಂತೆ ಹೇಳಿದರು.

"ಹೋಗುವವರು ಹೋಗ್ರಿ" ಎಂದ ಸದಾಶಿವ. ವೇದಿಕೆ ಹತ್ತಿ ಕುರ್ಚಿಯಲ್ಲಿ ಕೂತಿದ್ದ. ಹದಿನೇಳು ವರ್ಷ ನಿಂತು ದುಡಿದವನಿಗೆ ಕೂತು ಮಾತಾಡುವುದು ಗೊತ್ತಿರಲಿಲ್ಲ. ಮತ್ತೆ ಎದ್ದು ನಿಂತ. "ಕಡತ ಇಟ್ಟು ಹೋಗ್ರಿ. ಅದು ಬಳಗದ್ದು."

ಗಂಗಾಧರ ಕಡತ ಮೇಜಿನ ಮೇಲೆ ಎಸೆದ. ಸದಾಶಿವ ಪುಟ ತಿರುವಿದ. ವಿಮಾನದ ಪಟ್ಟಿ ಅಲ್ಲೇ ಹೊಲಿಗೆ ಹಾಕಿ ಇತ್ತು. ಮುಚ್ಚಿಡಬೇಕಾದದ್ದು ಎಂದು ಅವರಿಗೆ ಅನಿಸಿಯೇ ಇರಲಿಲ್ಲ. ಅವನು ಅದನ್ನು ಎತ್ತಿ ಹಿಡಿದು ಸಭೆಗೆ ಓದಿದ. ಮೂವತ್ತೊಂದರ ಕೆಂಪು ಗೆರೆ ತೋರಿಸಿದ. ಕೆಳಗಿನ ಸಹಿ ತೋರಿಸಿದ.

ಸೂರ್ಯನಾರಾಯಣ ಬಾಗಿಲಿನಿಂದ ತಿರುಗಿ ಬಂದರು. "ಸತ್ತವರ ಹೆಸರಲ್ಲಿ ರಾಜಕೀಯ ಮಾಡ್ತೀಯಾ?"

"ಬದುಕಿದ್ದಾಗ ನೀವು ಮಾಡಿದ್ದೇನ್ರಿ? ಅದೂ ರಾಜಕೀಯನ."

"ಏನ್ ಬೇಕು ನಿನಗೆ? ಸಾರಿ ಹೇಳ್ಬೇಕಾ? ಓಕೆ, ಸಾರಿ. ಸಾಕಾ?"

"ಬ್ಯಾಡ. ನಿಮ್ಮ ಸಾರಿ ನಮಗ ಬ್ಯಾಡ. ಏನು ಆತು ಅನ್ನೂದು ಕನ್ನಡದಾಗ ಬರದು ಇಡ್ತೀವಿ. ಮುಂದ ಈ ಕುರ್ಚಿಗೆ ಬಂದವ್ರು ಓದ್ಲಿ. ನಾ ತಪ್ಪು ಮಾಡಿದ್ರ ನನ್ನದೂ ಬರೀಲಿ." ನನ್ನತ್ತ ತಿರುಗಿದ. "ಅಕ್ಕಾರ, ಬರೀರಿ."

ಸೂರ್ಯನಾರಾಯಣ ಹೊರಟು ಹೋದರು. ಹಾಲಿನಲ್ಲಿ ನಮ್ಮವರು ಮಾತ್ರ ಉಳಿದರು.

ನನ್ನದು ಹತ್ತನೇ ಕ್ಲಾಸಿನ ಅಕ್ಷರ. ದೊಡ್ಡದಾಗಿ ಬರೆದೆ. ಕುಮಟಾದ ಸುಬ್ರಾಯ ಎಂಬ ಕ್ಷೌರಿಕರ ಹೆಸರು ಪಟ್ಟಿಯಲ್ಲಿತ್ತು. ಅಧ್ಯಕ್ಷ ಸೂರ್ಯನಾರಾಯಣ ತಮ್ಮ ಮಗಳಿಗಾಗಿ ಅದನ್ನು ಹೊಡೆದು ಹಾಕಿದರು. ಸುಬ್ರಾಯ ಹನ್ನೊಂದು ದಿನಕ್ಕೆ ತೀರಿಕೊಂಡರು. ಸದಾಶಿವ ಬಗ್ಗಿ ನೋಡಿ ಸಾಕು ಎಂದ.

ಸಾಕಾಗಲಿಲ್ಲ. ನಾನು ಪೆನ್ನು ಬಿಡಲಿಲ್ಲ. ಇನ್ನೊಂದು ಸಾಲು ಬರೆದೆ. ಹೆಸರು ಹೊಡೆದದ್ದನ್ನು ನೋಡಿ, ವಿಮಾನ ಹೊರಡುವ ಮುಂಚೆ ನಾಲ್ಕು ದಿನ ಗೊತ್ತಿದ್ದೂ ಯಾರಿಗೂ ಹೇಳದೆ ಸುಮ್ಮನಿದ್ದವಳು: ಗಿರಿಜಮ್ಮ.

ಸದಾಶಿವ ಅದನ್ನು ಓದಿದ. ಮತ್ತೊಂದು ಸಲ ಓದಿದ. ಮುಖ ಎತ್ತಿ ನನ್ನನ್ನು ನೋಡಿದ. ಬೆನ್ನ ಮೇಲೆ ಹೊತ್ತವನ ಭಾರ ಅವನ ಕಣ್ಣಿನಲ್ಲಿ ಮತ್ತೆ ಬಂದದ್ದು ನನಗೆ ಕಂಡಿತು. ಪೆನ್ನು ತೆಗೆದುಕೊಂಡು ಕೆಳಗೆ ತನ್ನ ಹೆಸರು ಬರೆದು, ಅಧ್ಯಕ್ಷ ಎಂದು ಬರೆದು, ಕಡತ ಮುಚ್ಚಿದ.

ಆಮೇಲೆ ಒಂದು ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ. ಮಾತಾಡು ಎಂದು ನಾನೂ ಕೇಳಲಿಲ್ಲ.